ಕಾದ ಇಂಜಿನ್, ಕೊಡದ ಕೀಲಿ

ನನ್ನ ಕೈಗೆ ಬಂದ ಮೇಲೆಯೇ ಕಾರಿನ ಇಂಜಿನ್ ಕಾಯತೊಡಗಿತು ಎಂದು ನಮ್ಮ ಮಾವ ಊರಿಗೆಲ್ಲ ಹೇಳಿಕೊಂಡು ಬಂದರು. ಕಾರು ಹೆಚ್ಚುಕಡಿಮೆ ನನ್ನ ವಯಸ್ಸಿನದು. ನನಗೂ ತಲೆ ಬೇಗ ಕಾಯುತ್ತಿತ್ತು, ಆದರೆ ಅದಕ್ಕೆ ಕಾರಣಗಳಿರುತ್ತಿದ್ದವು. ಇಂಜಿನ್ನಿಗೂ ಏನೋ ಕಾರಣ ಇರಲೇಬೇಕೆಂದು ನನ್ನ ವಾದ.

ತೊಂಬತ್ತರ ದಶಕದ ಕೊನೆಯ ಮಾತಿದು. ಗಂಡ ಮಿಲಿಟರಿಯಲ್ಲಿದ್ದರು. ಬೆಲ್ಲದ ಬಾಗೇವಾಡಿಯ ಮನೆಯಲ್ಲಿ ಅತ್ತೆ, ಮಾವ, ನಾನು. ಕಣ್ಣಿಗೆ ಪೊರೆ ಬಂದು ಮಾವ ಸ್ಟೀರಿಂಗ್ ಬಿಟ್ಟಾಗ ಕೀಲಿ ನಾನು ತೆಗೆದುಕೊಂಡೆ. ಮೂಡಲಗಿಯ ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದು ಬೆಳೆದವಳು ನಾನು. ಆ ಕೀಲಿ ಇದ್ದರೆ ಬಸ್ಸಿಗೆ ಕಾಯಬೇಕಿಲ್ಲ, ಅಪ್ಪನಿಗೆ ಹುಷಾರಿಲ್ಲ ಎಂದು ಫೋನ್ ಬಂದರೆ "ಹೋಗ್ಲೇನ್ರಿ" ಎಂದು ಬಾಗಿಲಲ್ಲಿ ನಿಲ್ಲಬೇಕಿಲ್ಲ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಆದರೆ ಅರಭಾವಿ ಹತ್ತಿರ ಬರುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಕಾಲೇಜಿನ ಹುಡುಗರು ಬಸ್ಸಿಗೆ ನಿಂತ ಜಾಗದಲ್ಲೇ ಬಾನೆಟ್ಟಿನಿಂದ ಬುಸ್ಸೆಂದು ಆವಿ.

"ಅಕ್ಕಾರ, ಚಾ ಕಾಸಾಕತ್ತೀರೇನ್ರಿ?" ಎಂದ ಒಬ್ಬ.

"ಹೌದೋ, ಸಕ್ಕರಿ ನೀ ತಗೊಂಬಾ" ಎಂದೆ.

ಗೋಕಾಕದ ಮಿಸ್ತ್ರಿ ಮೊದಲು ಥರ್ಮೋಸ್ಟ್ಯಾಟ್ ಕಿತ್ತು ಒಗೆದ. ಆಮೇಲೆ ನೀರಿನ ಪಂಪು ಬದಲಿಸಿದ. ಬಾನೆಟ್ ಎತ್ತುವ ಮೊದಲು ಪ್ರತಿ ಸಲ ಮುಂದಿನ ಜಾಲರಿಗೆ ಕಟ್ಟಿದ್ದ ಒಣ ಮಾಲೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಇಂಜಿನ್ ಮತ್ತೂ ಕಾಯಿತು. ಕೊನೆಗೆ ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿದ.

"ಗಾಡ್ಯಾಗ ಏನೂ ಇಲ್ರಿ ಸಾವಕಾರ್ರ. ಹೊಡಿಯೂದ್ರಾಗ ಐತಿ."

ಮಾವನಿಗೆ ಅಷ್ಟೇ ಬೇಕಾಗಿತ್ತು. "ಇನ್ನೊಮ್ಮಿ ಕಾದ್ರ ಕೀಲಿ ನನ್ನ ಕೈಯಾಗ ಇಡಬೇಕ ನೋಡವಾ. ಡ್ರೈವರ್‌ನ ಇಡೂಣು" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಗಸಿನ ಮೇಲೆ ಗಾದೆ ಇದೆ. ರಿಪೇರಿ ಬಾರದ ಗಂಡಸು ಹೊಡೆಯುವವಳೇ ಡೊಂಕು ಅಂದರೆ ಅದಕ್ಕೊಂದು ಗಾದೆ ಇಲ್ಲ.

ಮರುದಿನ ಹುಕ್ಕೇರಿ ರಸ್ತೆಯಲ್ಲಿ ಒಂದಿಷ್ಟು ದೂರ ಜೋರಾಗಿ ಹೊಡೆದು, ಮುಳ್ಳು ಏರುತ್ತಿದ್ದ ಹಾಗೆ ವಾಪಸ್ ಬಂದು ಅಂಗಳದಲ್ಲಿ ನಿಲ್ಲಿಸಿದೆ. ನೀರು ಸೋರಿರಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದೆ, ಆಯಿಲ್ಲಿನಲ್ಲಿ ನೀರು ಬೆರೆತಿರಲಿಲ್ಲ. ಫ್ಯಾನಿನ ಬೆಲ್ಟ್ ಬಿಗಿಯಾಗಿತ್ತು. ಹಸಿ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಪೈಪುಗಳನ್ನು ಹಿಡಿದೆ. ಮೇಲಿನ ಪೈಪಿನಿಂದ ಬಿಸಿನೀರು ಬರುತ್ತದೆ, ರೇಡಿಯೇಟರಿನಲ್ಲಿ ಗಾಳಿಗೆ ಆರಿ ಕೆಳಗಿನ ಪೈಪಿನಿಂದ ಇಂಜಿನ್ನಿಗೆ ಮರಳುತ್ತದೆ. ಟ್ರ್ಯಾಕ್ಟರಿನದೂ ಹೀಗೇ, ಅಪ್ಪ ತೋರಿಸಿದ್ದ. ಕೆಳಗಿನದು ಕಡಿಮೆ ಬಿಸಿ ಇರಬೇಕಿತ್ತು. ಎರಡೂ ಒಂದೇ ಸಮ ಸುಡುತ್ತಿದ್ದವು. ಅಂದರೆ ನೀರು ಓಡಾಡುತ್ತಿದೆ, ಆರುತ್ತಿಲ್ಲ. ಗಾಳಿ ಒಳಗೆ ಬರುತ್ತಿಲ್ಲ.

ಮುಂದೆ ಬಂದು ನಿಂತೆ. ಎದುರಿಗೆ ಅದೇ ಮಾಲೆ.

ಪ್ರತಿ ದಸರೆಗೆ ಖಂಡೇಪೂಜೆ ಮಾಡಿ ಅತ್ತೆ ಕಾರಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದರು. ಹಳೆಯದನ್ನು ಬಿಚ್ಚುವ ಹಾಗಿಲ್ಲ, ಅದರ ಮೇಲೆಯೇ ಹೊಸದು. ಬೆರಳು ಹಾಕಿ ನೋಡಿದರೆ, ಉದುರಿದ ಹೂವೆಲ್ಲ ಜಾಲರಿಯ ಒಳಗೇ ಜಾರಿತ್ತು. ಕಬ್ಬಿನ ಗಾಡಿಗಳಿಂದ ಹಾರಿದ ರವದಿಯ ಒಣ ಎಲೆಚೂರು, ಧೂಳು, ಹುಳ ಎಲ್ಲ ಅದಕ್ಕೆ ಮೆತ್ತಿಕೊಂಡು ರೇಡಿಯೇಟರಿಗೆ ಕೌದಿ ಹೊದಿಸಿದ ಹಾಗಾಗಿತ್ತು. ಮಾವ ಎತ್ತಿನ ನಡಿಗೆಯಲ್ಲಿ ಸಂತೆಗೆ ಹೋಗಿ ಬರುತ್ತಿದ್ದರು, ಅದಕ್ಕೇ ಇಂಜಿನ್ ಕಾದಿರಲಿಲ್ಲ. ನಾನು ದೂರ ಹೋಗುತ್ತಿದ್ದೆ, ಜೋರಾಗಿ ಹೋಗುತ್ತಿದ್ದೆ. ಅದನ್ನು ಬಿಡುವ ಮನಸ್ಸು ನನಗಿರಲಿಲ್ಲ.

ನಾನು ದಾರಕ್ಕೆ ಕೈ ಹಾಕಿದ್ದೇ ತಡ, ಅತ್ತೆ ಕಟ್ಟೆಯಿಂದ ಕೂಗಿದರು. "ಪೂಜಿದ್ದು ಕೈಲೆ ಹರಿಬಾರದವಾ! ತಾನ ಉದುರಬೇಕು!"

"ಅದು ಉದುರೂತನಕಾ ನಾ ಮನ್ಯಾಗ ಕುಂದ್ರೂದಿಲ್ರಿ ಅತ್ತಿಯಾರ" ಎಂದು ಹರಿದೇಬಿಟ್ಟೆ.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನನಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಕಸವನ್ನೆಲ್ಲ ಬುಟ್ಟಿಗೆ ತುಂಬಿ, ಕಾಲುವೆಯ ಹರಿಯುವ ನೀರಿಗೆ ಕೈಮುಗಿದು ಬಿಟ್ಟು ಬಂದೆ. ಆಮೇಲೆ ಪಂಪ್‌ಸೆಟ್ಟಿನ ಪೈಪು ತಂದು ರೇಡಿಯೇಟರಿಗೆ ಹಿಂದಿನಿಂದ ನೀರು ಹೊಡೆದೆ. ಕರಿ ರಾಡಿ ಇಳಿಯಿತು, ಆಚೆಯ ಬೆಳಕು ಸಂದಿನಲ್ಲಿ ಕಂಡಿತು.

"ಮಾವಾರ, ಮೂಡಲಗಿಗೆ ಹೊಂಟೀನಿ. ನೀವೂ ಬರ್ರಿ" ಎಂದೆ. ಅವರು ಪಕ್ಕದಲ್ಲಿ ಕೂತು, ಪೊರೆಗಣ್ಣನ್ನು ಮುಳ್ಳಿಗೆ ಹತ್ತಿರ ಹಿಡಿದುಕೊಂಡೇ ಬಂದರು. ಅರಭಾವಿ ದಾಟಿತು. ಮುಳ್ಳು ನಡುವಿನಿಂದ ಕದಲಲಿಲ್ಲ. ಬೇಕೆಂದೇ ಇನ್ನಷ್ಟು ಜೋರು ಮಾಡಿದೆ, ಆಗಲೂ ಕದಲಲಿಲ್ಲ.

ಅಪ್ಪನ ಮನೆಯಲ್ಲಿ ಚಹಾ ಕುಡಿದು ಹೊರಡುವಾಗ ಮಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ನನಗೆ ಒಂದು ಒಳ್ಳೆಯ ಮಾತಿನ ಆಸೆ ಹುಟ್ಟಿದ್ದು ಸುಳ್ಳಲ್ಲ.

"ಖರೇನ ಗಾಡಿ ಸುಧಾರಿಸೇತಿ. ಇನ್ನ ಒಬ್ಬ ಚೊಲೊ ಡ್ರೈವರ್‌ನ ನೋಡೂಣು. ತಾ ಕೀಲಿ" ಎಂದು ಕೈ ಚಾಚಿದರು.

ಅಪ್ಪ ನೆಲ ನೋಡಿದ. ನಾನು ನೋಡಲಿಲ್ಲ.

"ಡ್ರೈವರ್‌ನ ನೋಡ್ರಿ ಮಾವಾರ. ಅವ ಸಿಗೂತನಕಾ ನೀವು ಬಸ್ಸಿಗೆ ಬರ್ರಿ" ಎಂದು ಒಳಗೆ ಕೂತು ಕೀಲಿ ತಿರುಗಿಸಿದೆ.

ಮಾವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಕಾರನ್ನು ಸುತ್ತಿಕೊಂಡು ಬಂದು ಪಕ್ಕದ ಬಾಗಿಲು ತೆಗೆದು ಕೂತರು.

"ಸಾವಕಾಶ ಹೊಡಿ" ಎಂದರು.

ನಾನು ಜೋರಾಗಿಯೇ ಹೊಡೆದೆ.