ಲಾಡಿ ಕಚ್ಚಿದ ಗಾಯ

ನಿಮ್ಮ ಮೈಮೇಲೆ ನೀವೂ ನೋಡದ ಜಾಗ ಯಾವುದೆಂದು ಎಂದಾದರೂ ಕೇಳಿಕೊಂಡಿದ್ದೀರಾ? ನನಗೆ ಈ ಪ್ರಶ್ನೆ ಎದುರಾದದ್ದು ಮೊನ್ನೆ, ಬೀದರಿನ ಬಟ್ಟೆ ಅಂಗಡಿಯೊಂದರಲ್ಲಿ. ಸೀರೆಯೊಳಗಿನ ಲಂಗ ಕೊಳ್ಳುತ್ತಿದ್ದೆ. ಅಂಗಡಿಯಾಕೆ ಲಾಡಿಯನ್ನು ಬೆರಳಿಗೆ ಸುತ್ತಿ ನೋಡಿ, “ಅಗಲ ಪಟ್ಟೀದು ತಗೋರಿ ಬಾಜಿ, ಈ ಸಣ್ಣ ಲಾಡಿ ಕಚ್ತದ” ಎಂದಳು.

ಕಚ್ಚುತ್ತದೆ! ಆ ಮಾತು ಕೇಳಿದೊಡನೆ ಭಾಲ್ಕಿ ತಾಲೂಕಿನ ಮೆಹಕರದಲ್ಲಿದ್ದ ನನ್ನ ಸೋದರತ್ತೆ ಕಣ್ಣ ಮುಂದೆ ಬಂದಳು. ಮಾಮಾ ತೀರಿಕೊಂಡ ಮೇಲೆ ಒಬ್ಬಳೇ ಕುರಿ ಕಾಯ್ದುಕೊಂಡಿದ್ದವಳು. ಉಸಿರು ಬಿಗಿಹಿಡಿದು ಲಾಡಿ ಕಟ್ಟುತ್ತಿದ್ದಳು. ಕುರಿಗಳ ಹಿಂದೆ ಓಡುವಾಗ ಸೀರೆ ಜಾರಬಾರದಲ್ಲ. ನಮ್ಮ ಕಡೆಯ ಹೆಂಗಸರ ಸೊಂಟದ ಮೇಲೆ ಲಾಡಿಯ ಕಪ್ಪು ಗೆರೆ ಇದ್ದೇ ಇರುತ್ತದೆ. ಅದಕ್ಕೆ ಯಾರೂ ಅಂಜುವುದಿಲ್ಲ, ಅಂಜಬೇಕಾಗಿಯೂ ಇಲ್ಲ.

ಒಮ್ಮೆ ಔರಾದದಲ್ಲಿ ಮಹಿಳೆಯರ ಆರೋಗ್ಯದ ಮೇಲೆ ಚಪ್ಪಾಳೆ ಗಿಟ್ಟುವಂಥ ಭಾಷಣ ಮಾಡಿ ಆಕೆಯ ಮನೆಗೆ ಹೋಗಿದ್ದೆ. ಮರುದಿನ ಬಟ್ಟೆ ಒಗೆಯುವಾಗ ಆಕೆಯ ಲಂಗದ ಪಟ್ಟಿಯ ಮೇಲೆ ರಕ್ತದ ಕಲೆ ಕಂಡಿತು.

“ಏನಿದು, ಅತ್ತಿ?”

“ಲಾಡಿ ಕಚ್ಚೇದ. ಅರಿಶಿಣ ಹಚ್ಚೀನಿ.”

“ಯಾವಾಗಿಂದ?”

“ದಸರಾದಾಗ ಕಚ್ಚಿತ್ತು.”

“ಈಗ ಶಿವರಾತ್ರಿ ಬಂತಲ್ಲ!”

“ಚಪ್ಪಲ್ ಕಚ್ಚಿದ್ರ ಯಾರರ ದವಾಖಾನಿಗಿ ಓಡ್ತಾರೇನ? ಔರಾದದ ಮಂದಿಗಿ ಹೇಳಿದ್ದು ಸಾಲಲಿಲ್ಲೇನ ನಿನಗ?”

“ಚಪ್ಪಲ್ ಕಚ್ಚಿದ್ದು ವಾರದಾಗ ಮಾಯ್ತದ, ಅತ್ತಿ. ಇದು ಮಾಯವಲ್ದು.”

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ಮಾತು ಹೊಳೆದರೆ ಗೆದ್ದೆವೆಂದೇ ತಿಳಿಯುತ್ತಿದ್ದೆವು. ಅತ್ತೆ ನನ್ನ ಕೈಯಿಂದ ಲಂಗ ಕಿತ್ತುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: “ಡಾಕ್ಟರ್ ಗಂಡಸಿದ್ರ ಹ್ಯಾಂಗ? ನಿಮ್ಮ ಮಾಮಾ ಹೋದ ಮ್ಯಾಲ ಈ ನಡಾ ಯಾರೂ ನೋಡಿಲ್ಲವಾ. ನಾನೂ ನೋಡಿಲ್ಲ.”

ಬಾಗಿಲು ಹಾಕಿ ನಾನೇ ನೋಡಿದೆ. ಗಾಯದ ಅಂಚು ಗಟ್ಟಿಯಾಗಿ ಉಬ್ಬಿತ್ತು. ಮುಟ್ಟಿದರೆ ರಕ್ತ ಒಸರುತ್ತಿತ್ತು. ನೋವು ಅಷ್ಟೇನೂ ಇರಲಿಲ್ಲ, ಅದೇ ಆಕೆಗೆ ಧೈರ್ಯ. ಬೀದರಿಗೆ ಕರೆದುಕೊಂಡು ಹೋದೆ. ಅಲ್ಲಿ ಸಿಕ್ಕ ಡಾಕ್ಟರು ಹೆಂಗಸೇ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. ತೊಡೆಸಂದಿನ ಗಂಟುಗಳಿಗೂ ಹಬ್ಬಿತ್ತು. “ಮೊದಲೇ ಬಂದಿದ್ದರೆ ಇಷ್ಟನ್ನೇ ಕತ್ತರಿಸಿ ತೆಗೆದರೆ ಮುಗಿಯುತ್ತಿತ್ತೇನೋ” ಎಂದರು. ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ದಸರೆಗೆ ಅತ್ತೆ ಇರಲಿಲ್ಲ.

ಹಾವು ಕಚ್ಚಿತೆಂದರೆ ಊರೇ ಓಡಿ ಬರುತ್ತದೆ. ಲಾಡಿ ಕಚ್ಚಿತೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಎಷ್ಟು ಸಣ್ಣ ಮಾತಿನ ಹಿಂದೆ ಎಂಥ ರೋಗ ಅಡಗಿ ಕೂತಿತ್ತು!

ನಾನೂ ಈಗ ಒಬ್ಬಳೇ ಇದ್ದೇನೆ. ಇಂದು ಬೆಳಿಗ್ಗೆ ಸ್ನಾನವಾದ ಮೇಲೆ, ಗೋಡೆಯ ಕನ್ನಡಿಗೆ ಬೆನ್ನು ತಿರುಗಿಸಿ, ಕೈಯಲ್ಲೊಂದು ಕನ್ನಡಿ ಹಿಡಿದು ಸೊಂಟದ ಸುತ್ತಲೂ ನೋಡಿಕೊಂಡೆ. ಕಪ್ಪು ಗೆರೆ, ಅಷ್ಟೇ, ಹುಣ್ಣಿಲ್ಲ. ಸಮಾಧಾನವಾಯಿತು. ಅದನ್ನು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನೀವೂ ನೋಡಿಕೊಳ್ಳಿರಿ. ಮೂರು ನಾಲ್ಕು ವಾರವಾದರೂ ಮಾಯದ ಹುಣ್ಣು, ಗಟ್ಟಿಯಾದ ಅಂಚು, ಮತ್ತೆ ಮತ್ತೆ ಒಸರುವ ರಕ್ತ, ಬೆಳೆಯುವ ಇಲ್ಲವೆ ಬಣ್ಣ ಬದಲಿಸುವ ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸಿರಿ. ನಿಮ್ಮ ಓಣಿಯಲ್ಲಿ ಒಬ್ಬಳೇ ಇರುವ ಹೆಣ್ಣುಮಗಳನ್ನೂ ಕೇಳಿರಿ. ಆಕೆ ಏನಿಲ್ಲವೆಂದರೆ, ಒಳಗೆ ಹೋಗಿ ಕೂತು, ಇನ್ನೊಮ್ಮೆ ಕೇಳಿರಿ.