ಕಾಕಾನ ಅಂಗಿಯ ಧೂಳು

ಶಹಾಬಾದಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋ ತೆಗೆಸಲು ಬರುವವರಂತೆ ದೆವ್ವದ ಫೋಟೋ ತೋರಿಸಲು ಬರುವವರೂ ಇದ್ದಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಳಖೇಡದ ಕೋಟೆಯ ಫೋಟೋದಲ್ಲಿ ಸಿಕ್ಕ ಬಿಳಿ ಸೀರೆಯ ಹೆಂಗಸು ಲೆನ್ಸಿನ ಮುಂದೆ ಜೋತುಬಿದ್ದ ಕ್ಯಾಮೆರಾದ್ದೇ ಪಟ್ಟಿ ಎಂದು ಹಿಡಿದುಕೊಟ್ಟವನು ನಾನು. ನಮ್ಮೂರಿನ ದೆವ್ವಗಳಂತೂ ಹೆಚ್ಚಾಗಿ ಬಿಳಿ ಗುಂಡುಗಳು. ಕಲ್ಲು ಕೊರೆಯುವ ಊರು, ಗಾಳಿಯಲ್ಲಿ ಸದಾ ಕಲ್ಲಿನ ಪುಡಿ. ಮಬ್ಬುಗತ್ತಲ ಕೋಣೆಯಲ್ಲಿ ಫ್ಲ್ಯಾಶ್ ಹೊಡೆದರೆ ಲೆನ್ಸಿನ ಮುಂದಿನ ಕಣವೊಂದು ರೊಟ್ಟಿಯಷ್ಟು ದುಂಡಗೆ ಬೆಳಗುತ್ತದೆ. ಇದನ್ನು ಹೇಳಿದಾಗ ಬಂದವರ ಮುಖ ಸಪ್ಪಗಾಗುವುದನ್ನು ನೋಡಲು ನನಗೆ ಭಾರೀ ಖುಷಿ.

ನನ್ನ ಕಾಕಾ, ಅಪ್ಪನ ತಮ್ಮ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸದವನಾಗಿದ್ದ. ಸಂಜೆ ಬಂದರೆ ಹುಬ್ಬು ಮೀಸೆ ಎಲ್ಲ ಬೆಳ್ಳಗೆ. ಕಾಕಿ ಅವನನ್ನು ಹೊಸ್ತಿಲಾಚೆಗೇ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಬೈಯುತ್ತಲೇ ಅಂಗಳದಲ್ಲಿ ಪಟಪಟ ಜಾಡಿಸುತ್ತಿದ್ದಳು. ಆಮೇಲೇ ಒಳಗೆ ಬಿಡುತ್ತಿದ್ದದ್ದು. ಅವನು ತೀರಿಕೊಂಡಾಗ ಗೂಟದಲ್ಲಿದ್ದ ಕೊನೆಯ ಅಂಗಿಯನ್ನು ಒಗೆಯದೆ ಟ್ರಂಕಿನಲ್ಲಿಟ್ಟಳು.

ಆಮೇಲಿನ ಮೊದಲ ಹಿರಿಯರ ಹಬ್ಬಕ್ಕೆ ಎಲ್ಲರೂ ಸತ್ತವರ ಹೆಸರಲ್ಲಿ ಹೊಸ ಬಟ್ಟೆ ಇಟ್ಟು ಪೂಜಿಸಿದರೆ ಕಾಕಿ ಆ ಅಂಗಿಯನ್ನೇ ತೆಗೆದಳು. ರೂಢಿ ಬಿಡುತ್ತದೆಯೇ? ಒಮ್ಮೆ ಜಾಡಿಸಿ ಕುರ್ಚಿಯ ಬೆನ್ನಿಗೆ ಹಾಕಿ, ಮುಂದೆ ಹೋಳಿಗೆಯ ಎಡೆ ಇಟ್ಟಳು. ನಾನು ಫೋಟೋ ಹೊಡೆದೆ. ಕಾಲರಿನ ಮೇಲೆ, ಸರಿಯಾಗಿ ತಲೆ ಇರಬೇಕಾದಲ್ಲಿ, ದೊಡ್ಡದೊಂದು ಬಿಳಿ ಗುಂಡು.

ಕಾಕಿಯ ಸೊಸೆ ಅದನ್ನು ನೋಡಿ ಬೆವತುಹೋದಳು.

"ಭಾವರ, ಮಾವಾರು ಈ ಅಂಗ್ಯಾಗೇ ಅದಾರ್ರಿ. ನನಗ ಅಂಜಿಕಿ ಬರ್ಲಿಕತ್ತದ. ಕಾಗಿಣಾ ಹೊಳ್ಯಾಗ ಬಿಟ್ಟು ಬರೋಣ್ರಿ."

ಕಾಕಿ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಗಿ ಉಳಿಸಬೇಕಿತ್ತು, ನನ್ನ ವಿದ್ಯೆ ನನ್ನ ಕೈಯಲ್ಲೇ ಇತ್ತಲ್ಲ! ಅಂಗಿ ಜಾಡಿಸಿ ಒಂದು ಫೋಟೋ ತೆಗೆದೆ, ಗುಂಡುಗಳು ಬಂದವು. ಧೂಳು ಕೂರುವ ತನಕ ಕಾದು ಇನ್ನೊಂದು ತೆಗೆದೆ, ಒಂದೂ ಇಲ್ಲ.

"ನೋಡು ತಂಗಿ, ಬರೀ ಧೂಳು."

ಅವಳ ಮುಖ ಅರಳಿತು. "ಅಯ್ಯ, ಬರೀ ಹೊಲಸೇನ್ರಿ! ಹಂಗಾದ್ರ ಒಗದು ಹಾಕ್ತೀನಿ ತಡೀರಿ" ಎಂದು ಬಕೆಟ್ಟಿಗೆ ನೀರು ಬಿಡಲು ಹೋದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಕಾಕಿ ನನ್ನತ್ತ ತಿರುಗಿದಳು.

"ಭಾಳ ಶಾಣ್ಯಾ ಅದೀ ನೋಡಪ್ಪ. ದೆವ್ವ ಅಂದ್ರ ಹೊಳಿಗಿ ಹೊಂಟಿತ್ತು, ಧೂಳು ಅಂದಿ, ಬಕೀಟಿಗಿ ಹೊಂಟದ. ಧೂಳು ಅಂತ ನನಗ ಗೊತ್ತಿಲ್ಲೇನು? ಇಷ್ಟು ವರ್ಷ ಜಾಡಿಸಿದಾಕಿ ನಾ. ಎಲ್ಲಾ ಜಾಡಿಸಿ ಒಗದೆ. ಅವರದು ಅಂತ ಉಳಿದದ್ದು ಇದೊಂದೇ."

ಆ ಧೂಳನ್ನು ಹೊಲಸು ಅನ್ನಿಸಿದ ನನ್ನ ಶಾಣ್ಯಾತನದ ಮೇಲೆ ಸಿಟ್ಟು ಬಂತು. ಬಚ್ಚಲಿಗೆ ಓಡಿದೆ. ಮೊದಲ ಫೋಟೋವನ್ನು ಮತ್ತೆ ತೆರೆದು ಸೊಸೆಯ ಮುಂದೆ ಹಿಡಿದೆ. ಜೀವನದಲ್ಲಿ ಮೊದಲ ಸಲ ದೆವ್ವದ ಪರವಾಗಿ ಸಾಕ್ಷಿ ಹೇಳಿದೆ.

"ತಂಗಿ, ಉಳಿದಾವೆಲ್ಲಾ ಧೂಳು. ಕಾಲರ್ ಮ್ಯಾಲಿಂದು ಅಲ್ಲ. ಅದರ ಲೆಕ್ಕ ನನಗೂ ಹತ್ತವಲ್ದು. ಹೊಳ್ಯಾಗ ಬಿಟ್ರ ಹಿಂದಿಂದೇ ಬರ್ತಾರ, ಒಗದ್ರ ಮನಿ ತುಂಬ ಆಗ್ತಾರ. ಮಡಚಿ ಟ್ರಂಕಿನ್ಯಾಗ ಇಟ್ಟುಬಿಡು, ಸುಮ್ಮನಿರ್ತಾರ."

ಅವಳು ಕೈ ಒರೆಸಿಕೊಂಡು ಬಂದು, ಮಲಗಿದ ಕೂಸನ್ನು ಎತ್ತುವ ಹಾಗೆ ಅಂಗಿ ಎತ್ತಿದಳು. ಒಂದು ಮಡಿಕೆಯನ್ನೂ ಕೊಡವದೆ ಟ್ರಂಕಿನಲ್ಲಿಟ್ಟಳು. ಕಾಕಿ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಈಗ ಪ್ರತಿ ಹಬ್ಬಕ್ಕೂ ನಾನೇ ಫೋಟೋ ತೆಗೆಯಬೇಕು. ಕಾಕಿ ಅಂಗಿ ಜಾಡಿಸುವುದನ್ನು ಬಿಟ್ಟಿದ್ದಾಳೆ, ಇರುವಷ್ಟು ಇರಲಿ ಎಂದು. ಹಾಗಾಗಿ ಫೋಟೋದಲ್ಲಿ ಏನೂ ಬರುವುದಿಲ್ಲ. ಕುರ್ಚಿ, ಅಂಗಿ, ಹೋಳಿಗೆ ಅಷ್ಟೆ. ಸೊಸೆ ಬಾಗಿಲಲ್ಲೇ ನಿಂತು ಕೇಳುತ್ತಾಳೆ:

"ಬಂದಾರೇನ್ರಿ, ಭಾವರ?"

ಕಾಕಿ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

"ಬಂದಾರ" ಎನ್ನುತ್ತೇನೆ.