ಪದ್ಮಾ ಅವತ್ತು ಹೇಳಿದ್ದು

ನನ್ನ ತಂಗಿ ನಿಜ ಹೇಳಿದಳು. ನಾನು ಅದನ್ನು ಸುಳ್ಳು ಮಾಡಿ ಅವ್ವನಿಗೆ ದಾಟಿಸಿದೆ. ಮೂವತ್ತು ವರ್ಷ ಬಚ್ಚಿಟ್ಟುಕೊಂಡದ್ದು ಇಷ್ಟೇ. ಒಂದು ಸಾಲಿನಲ್ಲಿ ಮುಗಿಯುತ್ತದೆ — ಆದರೆ ಆ ಸಾಲು ಬರೆಯುವ ಧೈರ್ಯ ನನಗೆ ಈಗಷ್ಟೇ ಬಂದಿದೆ.

ಪದ್ಮಾಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋಯಿತು. ಮಾತೂ ಬರಲಿಲ್ಲ. ನಾನು ಅವಳಿಗಿಂತ ಆರು ವರ್ಷ ದೊಡ್ಡವಳು. ಆಡುತ್ತಾಡುತ್ತಲೇ ನಮ್ಮಿಬ್ಬರ ನಡುವೆ ಕೈಭಾಷೆಯೊಂದು ಹುಟ್ಟಿತ್ತು. ಜಡೆ ಎಳೆದು ತೋರಿಸಿದರೆ ನಾನು. ಮೂಗಿನ ಮೇಲೆ ಕನ್ನಡಕ ಏರಿಸಿದರೆ ಅಪ್ಪ. ಅವ್ವನಿಗೂ ಅಪ್ಪನಿಗೂ ಊಟ, ನೀರು, ನಿದ್ದೆ — ಇಷ್ಟು ಸನ್ನೆ ಬಿಟ್ಟರೆ ಬೇರೆ ತಿಳಿಯುತ್ತಿರಲಿಲ್ಲ. ಪದ್ಮಾ ಏನು ಹೇಳಿದರೂ ಅವ್ವ ನನ್ನ ಮುಖ ನೋಡುತ್ತಿದ್ದಳು.

ನಮ್ಮದು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಬಾಡಿಗೆ ಮನೆ. ಅಪ್ಪ ರಾಯಚೂರಿನ ಕಡೆಯವರು, ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಪದ್ಮಾಳ ಕಿವುಡ ಮಕ್ಕಳ ಶಾಲೆ ಇದ್ದದ್ದು ಮೆಹದಿಪಟ್ಟಣದ ಹತ್ತಿರ. ಸಿಕಂದರಾಬಾದಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಕರೆದೊಯ್ಯುವವಳು ನಾನೇ. ಅವ್ವನಿಗೆ ತೆಲುಗು, ಹಿಂದಿ ಎರಡೂ ಬಾರದು, ಬಸ್ಸೆಂದರೆ ಹೆದರಿಕೆ. ಅದಕ್ಕೇ ನಾನು ಇಂಟರ್, ಅಂದರೆ ಪಿಯುಸಿ, ಮುಗಿಸುವ ಮೊದಲೇ ಮನೆಯಲ್ಲಿ ತೀರ್ಮಾನವಾಗಿತ್ತು — ಅದೇ ದಾರಿಯಲ್ಲಿದ್ದ ಹೆಣ್ಣುಮಕ್ಕಳ ಕಾಲೇಜಿಗೆ ಸೇರುವುದು, ಹೋಗುವಾಗ ಪದ್ಮಾಳನ್ನು ಬಿಟ್ಟು, ಬರುವಾಗ ಕರೆತರುವುದು. ಸೀಟು ಸಿಗದಿದ್ದರೆ ಇರಲಿ ಎಂದು ಧಾರವಾಡದ ಸೋದರಮಾವನ ಮೂಲಕ ಅಲ್ಲಿಗೂ ಅರ್ಜಿ ಹಾಕಿದ್ದೆ.

ಇರಲಿ ಎಂದು — ಹಾಗೆಂದು ಮನೆಯವರು ತಿಳಿದಿದ್ದರು. ನಾನು ಆ ಅರ್ಜಿಯ ಮೇಲೆಯೇ ಜೀವ ಇಟ್ಟಿದ್ದೆ. ಬಸ್ಸಿನಲ್ಲಿ ನಮ್ಮ ಕೈಗಳು ಆಡತೊಡಗಿದರೆ ಜನ ತಿರುಗಿ ನೋಡುತ್ತಿದ್ದರು. ಒಮ್ಮೆ ಸಿಕಂದರಾಬಾದ್ ಸ್ಟಾಪಿನಲ್ಲಿ ನನ್ನದೇ ಕ್ಲಾಸಿನ ಹುಡುಗಿಯರು ನಮ್ಮ ಹಾಗೆ ಕೈ ತಿರುಗಿಸಿ ನಕ್ಕರು. ಪದ್ಮಾ ತನ್ನೊಂದಿಗೇ ಆಡುತ್ತಿದ್ದಾರೆಂದುಕೊಂಡು ತಾನೂ ನಕ್ಕಳು. ಅವತ್ತು ನಾನು ಅವಳ ಕೈ ಬಿಟ್ಟು ನಾಲ್ಕು ಹೆಜ್ಜೆ ದೂರ ನಿಂತೆ. ನನಗೆ ಎಷ್ಟು ದೂರ ಬೇಕೆಂದು ಬಹುಶಃ ಅಲ್ಲೇ ಗೊತ್ತಾಯಿತು.

ಸೀಟು ಸಿಕ್ಕವರ ಪಟ್ಟಿ ಹಾಕಿದ ದಿನ ಆ ಹೆಣ್ಣುಮಕ್ಕಳ ಕಾಲೇಜಿಗೆ ಹೋದಾಗ ಪದ್ಮಾ ಜೊತೆಗಿದ್ದಳು. ಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತಿದ್ದಳು. ಬೋರ್ಡಿನ ಮೇಲೆ ನನ್ನ ಹೆಸರನ್ನು ನನಗಿಂತ ಮೊದಲು ಕಂಡವಳು ಅವಳೇ. ಬೆರಳಿಟ್ಟು ತೋರಿಸಿ, ಅಲ್ಲೇ ಕುಣಿದಳು. ನಾನು — ನಾನು ಅವಳನ್ನು ಎಳೆದುಕೊಂಡು ಹೊರಗೆ ಬಂದೆ.

ಮನೆಯ ಹೊಸ್ತಿಲಲ್ಲೇ "ಸೀಟ್ ಸಿಗಲಿಲ್ಲವ್ವಾ" ಎಂದೆ. ಅವ್ವ ಕೈಲಿದ್ದ ಮೊರ ಕೆಳಗಿಟ್ಟಳು. ಅಷ್ಟರಲ್ಲಿ ಪದ್ಮಾ ಅವಳ ಮುಂದೆ ನಿಂತು ಜಡೆ ಎಳೆದು ತೋರಿಸಿದಳು, ಗೋಡೆಯ ಮೇಲೆ ಬೆರಳಿನಿಂದ ಬರೆದಳು, ಚಪ್ಪಾಳೆ ತಟ್ಟಿದಳು. ಮತ್ತೆ ಜಡೆ, ಮತ್ತೆ ಗೋಡೆ.

"ಏನಂತಾಳ ಅಕಿ?"

"ಬೋರ್ಡಿನ ಮ್ಯಾಲ ಎಲ್ಲಾರ ಹೆಸರು ಐತಿ, ಅಕ್ಕಂದಷ್ಟ ಇಲ್ಲ ಅಂತಾಳ."

"ಮತ್ತ ನಗಾಕತ್ತಾಳಲ್ಲ?"

"ಅಕಿಗೇನ ತಿಳೀತೈತವ್ವಾ."

ಅವ್ವ ಅತ್ತಳು. ಪದ್ಮಾ ಅವ್ವನ ಕಣ್ಣೀರು ನೋಡಿದಳು, ನನ್ನ ತುಟಿ ನೋಡಿದಳು. ಮೇಲೆತ್ತಿದ ಕೈ ಹಾಗೇ ನಿಂತಿತು.

ಜುಲೈಯಲ್ಲಿ ನಾನು ಧಾರವಾಡಕ್ಕೆ ಹೋದೆ. ಪದ್ಮಾಳನ್ನು ಶಾಲೆಗೆ ಬಿಡುವ ಕೆಲಸ ಅಪ್ಪನ ಮೇಲೆ ಬಿತ್ತು. ಕಚೇರಿಗೆ ದಿನಾ ತಡ, ದಿನಾ ಸಾಹೇಬರಿಂದ ಮಾತು. ದೀಪಾವಳಿಗೆ ಬಂದಾಗ ನೋಡುತ್ತೇನೆ — ಅವಳ ಸ್ಕೂಲ್ ಚೀಲದಲ್ಲಿ ಅವ್ವ ಬೆಳ್ಳುಳ್ಳಿ ತುಂಬಿ ಮೊಳೆಗೆ ತೂಗುಹಾಕಿದ್ದಳು. "ಸಾಲಿ ಬಿಡಿಸಿದ್ವಿ," ಎಂದರು ಅಪ್ಪ. "ನಾ ಯಾರ ಕಡಿಂದರೆ ಹೇಳಿಸಿದ್ರ ನಿನಗಿಲ್ಲೇ ಸೀಟ್ ಸಿಗ್ತಿತ್ತು. ನನಗ ಕೇಳಾಕ ಬಾಯಿ ಬರಲಿಲ್ಲ." ಆಗಲಾದರೂ ಹೇಳಬಹುದಿತ್ತು. ಆಮೇಲೂ ಎಷ್ಟೋ ಸಲ... ಅಪ್ಪ ತಮ್ಮದೇ ತಪ್ಪೆಂದುಕೊಂಡೇ ಹೋದ ವರ್ಷ ತೀರಿಕೊಂಡರು.

ಪದ್ಮಾ ಹೊಲಿಗೆ ಕಲಿತಳು. ಈಗ ಓಣಿಯ ಹೆಂಗಸರ ರವಿಕೆಗಳೆಲ್ಲ ಅವಳ ಮಷಿನ್ನಿನ ಮೇಲೆ. ನಾನಿಲ್ಲದ ವರ್ಷಗಳಲ್ಲಿ ಅವಳೂ ಅವ್ವನೂ ಎದುರುಬದುರು ಕೂತು ಹೊಸ ಸನ್ನೆಗಳನ್ನು ಕಟ್ಟಿಕೊಂಡಿದ್ದರು. ಅರ್ಧಕ್ಕರ್ಧ ನನಗೆ ತಿಳಿಯುತ್ತಿರಲಿಲ್ಲ. ನಾನೋ — ಧಾರವಾಡದಲ್ಲೇ ಅಧ್ಯಾಪಕಿಯಾದೆ. "ಹೈದರಾಬಾದಿನಲ್ಲಿ ಸೀಟು ಸಿಗದಿದ್ದದ್ದೇ ಒಳ್ಳೇದಾಯ್ತು ನೋಡ್ರಿ" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತ ಹೇಳಿದ್ದೂ ಉಂಟು.

ಅಪ್ಪನ ವರ್ಷಾಬ್ದಿಕ ಮುಗಿದ ಮರುದಿನ, ಪದ್ಮಾ ಹೊಲಿಯುತ್ತ ಕೂತಿದ್ದಾಗ, ಅವ್ವನಿಗೆ ಎಲ್ಲ ಹೇಳಿದೆ. ನನ್ನ ಹೆಸರು ಇತ್ತೆಂದು. ಪದ್ಮಾ ಅದನ್ನೇ ಹೇಳಿದಳೆಂದು. ಅವ್ವ ಬೈಯಲಿಲ್ಲ. ನಾನು ಕೇಳಿರದ ಮಾತೊಂದನ್ನು ಹೇಳಿದಳು.

"ನೀ ಧಾರವಾಡಕ್ಕ ಹ್ವಾದ ಮ್ಯಾಲೂ ಅಕಿ ಅದನ್ನ ತೋರಿಸ್ತಿದ್ಲು. ಜಡಿ ಜಗ್ಗೂದು, ಗ್ವಾಡಿ ಮ್ಯಾಲ ಬರಿಯೂದು. ನಿನಗ ಸೀಟ್ ಸಿಗಲಿಲ್ಲಂತ ಹಂಗಿಸ್ತಾಳ ಅನ್ಕೊಂಡೆ ನಾ. ಒಂದಿನ ಭಾಳ ಸಿಟ್ಟು ಬಂತು, ಹೊಡದೆ. ಕೈ ಮ್ಯಾಲ ಹೊಡದೆ. ಅವತ್ತಿಂದ ಬಿಟ್ಲು."

ಹೇಳಿ, ಗೋಡೆ ಹಿಡಿದುಕೊಂಡು ಎದ್ದಳು. ಮಷಿನ್ನಿನ ಹತ್ತಿರ ಹೋಗಿ ನಿಂತಳು. ಪದ್ಮಾ ಚಕ್ರ ನಿಲ್ಲಿಸಿ ತಲೆಯೆತ್ತಿದಳು. ಅವ್ವ ನನ್ನ ಕಡೆ ತೋರಿಸಿದಳು, ಕೈಯಲ್ಲಿ ಏನೇನೋ ಹೇಳಿದಳು, ಕೊನೆಗೆ ಎರಡೂ ಕೈ ಜೋಡಿಸಿದಳು — ಎಪ್ಪತ್ತು ದಾಟಿದ ಅವ್ವ, ಹೊಟ್ಟೆಯ ಮಗಳ ಮುಂದೆ. ಪದ್ಮಾ ಗಾಬರಿಯಾಗಿ ಆ ಕೈಗಳನ್ನು ಹಿಡಿದು ಬಿಡಿಸಿದಳು, ತನ್ನ ಕೆನ್ನೆಗೆ ಒತ್ತಿಕೊಂಡಳು.

ನನ್ನ ಕಡೆ ಅವಳು ನೋಡಲಿಲ್ಲ. ಕೈ ಮುಗಿಯಬೇಕಾಗಿದ್ದವಳು ನಾನು. ನನ್ನ ಕೈಗಳು ಮಡಿಲಲ್ಲೇ ಇದ್ದವು.